ಶಾಲಾ ಕಚೇರಿಯ ಮೇಜಿನ ಮುಂದೆ ಪೋಷಕರು: ದರ್ಪಕ್ಕೆ ಕಾನೂನು ಹಾಕಿರುವ ಗೆರೆ ಎಲ್ಲಿದೆ?

ಮಗುವನ್ನು ಎಲ್‌ಕೆಜಿಗೆ ಸೇರಿಸಿದ ದಿನದಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಸೇರುವವರೆಗೆ ಪೋಷಕರು ಶಾಲಾ ಕಚೇರಿಯ ಮೇಜಿನ ಮುಂದೆ ಎಷ್ಟು ಬಾರಿ ನಿಲ್ಲಬೇಕಾಗುತ್ತದೆಯೋ ಲೆಕ್ಕ ಇಟ್ಟವರಿಲ್ಲ. ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಕೊನೆಗೆ ಪೊಲೀಸ್ ಠಾಣೆಯಲ್ಲೂ ದನಿಯೆತ್ತಿ ಮಾತನಾಡುವ ಮಂದಿ ಇಲ್ಲಿಗೆ ಬಂದಾಗ ಮಾತ್ರ ಮೆತ್ತಗಾಗುತ್ತಾರೆ. ಕಾರಣ ಸರಳ. ಮಗು ಒಳಗಿದೆ. ತಾನು ಆಡಿದ ಮಾತಿಗೆ ಮಗು ಬೆಲೆ ತೆರಬೇಕಾದೀತು ಎಂಬ ಅಂಜಿಕೆ ತಂದೆತಾಯಿಯ ಬಾಯಿ ಕಟ್ಟುತ್ತದೆ. ಶಾಲಾ ಸಿಬ್ಬಂದಿಯ ಅಧಿಕಾರ ದುರ್ಬಳಕೆಯ ಬೇರು ಈ ಅಂಜಿಕೆಯಲ್ಲಿದೆ. ಶುಲ್ಕ, ಡೊನೇಷನ್, ಟಿ.ಸಿ. ಇವೆಲ್ಲ ಅದರ ರೆಂಬೆಗಳು.

ಗೇಟಿನ ಕಾವಲುಗಾರನಿಂದ ಹಿಡಿದು ಗುಮಾಸ್ತ, ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿಯ ಕಾರ್ಯದರ್ಶಿಯವರೆಗೆ ಯಾರಿಗೆ ಎಷ್ಟು ಅಧಿಕಾರವಿದೆ, ಎಲ್ಲಿಂದ ಮುಂದೆ ಅದು ದರ್ಪವಾಗುತ್ತದೆ ಎಂಬ ಬಗ್ಗೆ ರಾಜ್ಯದ ಹೆಚ್ಚಿನ ಪೋಷಕರಿಗೆ ಸ್ಪಷ್ಟ ಕಲ್ಪನೆಯಿಲ್ಲ. ಶಾಲೆಗಳಿಗೆ ಇದೆ. ಕಾನೂನಿನಲ್ಲಿ ಎಲ್ಲೆಲ್ಲಿ ಬಿರುಕಿದೆ ಎಂಬುದೂ ಅವುಗಳಿಗೆ ಚೆನ್ನಾಗಿ ಗೊತ್ತು. ಈ ಲೇಖನದ ಉದ್ದೇಶ ಆ ಗೆರೆಗಳನ್ನೂ ಬಿರುಕುಗಳನ್ನೂ ಓದುಗರ ಮುಂದಿಡುವುದು.

ಪ್ರವೇಶ: ಮಗುವಿಗಿಂತ ಮೊದಲು ಅಪ್ಪ-ಅಮ್ಮನ ಪರೀಕ್ಷೆ

ಪ್ರವೇಶಕ್ಕೆ ಹಣ ಕೇಳುವ ಪದ್ಧತಿಯ ವಿರುದ್ಧ ಕಾನೂನು ಮಾಡುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿರಲಿಲ್ಲ. ಕರ್ನಾಟಕ ಶಿಕ್ಷಣ ಸಂಸ್ಥೆಗಳ (ಕ್ಯಾಪಿಟೇಷನ್ ಶುಲ್ಕ ನಿಷೇಧ) ಕಾಯ್ದೆ ಬಂದದ್ದು 1984ರಲ್ಲಿ. ನಿಗದಿತ ಶುಲ್ಕಕ್ಕಿಂತ ಹೆಚ್ಚಾಗಿ ಯಾವ ಹೆಸರಿನಲ್ಲಿ ಹಣ ಪಡೆದರೂ ಅದು ಕ್ಯಾಪಿಟೇಷನ್ ಶುಲ್ಕ ಎಂಬುದು ಆ ಕಾಯ್ದೆಯ ಸಾರ. ಉಲ್ಲಂಘಿಸಿದವರಿಗೆ ಸೆರೆವಾಸದ ಶಿಕ್ಷೆಗೂ ಅವಕಾಶವಿದೆ. ಶಿಕ್ಷಣದ ಹಕ್ಕನ್ನು ಕುರಿತ ಚರ್ಚೆಯ ದಿಕ್ಕನ್ನೇ ಬದಲಿಸಿದ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದೂ ಈ ನೆಲದಲ್ಲೇ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಹೊರರಾಜ್ಯದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 60,000 ರೂಪಾಯಿ ಶುಲ್ಕ ನಿಗದಿಯಾಗಿತ್ತು. ಸರಕಾರಿ ಸೀಟಿಗೆ 2,000 ರೂಪಾಯಿ. ಅಷ್ಟು ಹಣ ತಮ್ಮಿಂದಾಗದು ಎಂದು ಮೀರತ್‌ನ ವಿದ್ಯಾರ್ಥಿನಿಯ ತಂದೆ ತಿಳಿಸಿದಾಗ ಪ್ರವೇಶ ನಿರಾಕರಿಸಲಾಯಿತು. 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ಶುಲ್ಕವನ್ನು ಸಂವಿಧಾನಬಾಹಿರ ಎಂದು ಸಾರಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ತೀರ್ಪಿನ ಕೆಲವು ಅಂಶಗಳು ಮಾರ್ಪಾಡಾದವು. ಆದರೆ 14 ವರ್ಷದವರೆಗಿನ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು ಎಂಬ ಮಾತು ಅಲ್ಲಿ ಗಟ್ಟಿಯಾಯಿತು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ 13ನೇ ಸೆಕ್ಷನ್ ಓದಿದರೆ, ಮಗುವನ್ನಷ್ಟೇ ಅಲ್ಲ, ತಂದೆತಾಯಿಯನ್ನೂ ಪೋಷಕರನ್ನೂ ಯಾವುದೇ ಆಯ್ಕೆ ಪರೀಕ್ಷೆಗೆ ಒಳಪಡಿಸಕೂಡದು ಎಂದಿದೆ. ಕ್ಯಾಪಿಟೇಷನ್ ಶುಲ್ಕ ಪಡೆದರೆ ಆ ಮೊತ್ತದ ಹತ್ತು ಪಟ್ಟಿನವರೆಗೆ ದಂಡ. ಸಂದರ್ಶನ ನಡೆಸಿದರೆ ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ನಂತರದ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ. 2010ರ ನವೆಂಬರ್‌ನಲ್ಲಿ ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಂತೂ ಪೋಷಕರ ವಿದ್ಯಾರ್ಹತೆಯ ಆಧಾರದ ಮೇಲೆ ಮಗುವನ್ನು ಅಳೆಯಕೂಡದು ಎಂದು ನೇರವಾಗಿಯೇ ಹೇಳಿತು.

ಹಾಗಿದ್ದರೆ 'ಇಬ್ಬರೂ ಪದವೀಧರರೇ? ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತೀರಾ? ತಾಯಿ ಕೆಲಸಕ್ಕೆ ಹೋದರೆ ಮಗುವನ್ನು ನೋಡುವವರು ಯಾರು? ಮನೆ ಸ್ವಂತದ್ದೇ, ಬಾಡಿಗೆಯದೇ?' ಎಂಬ ಪ್ರಶ್ನೆಗಳು ಇನ್ನೂ ಹೇಗೆ ಕೇಳಿಬರುತ್ತವೆ? ಬಿರುಕು ಇರುವುದು ಇಲ್ಲಿಯೇ. ಆರ್‌ಟಿಇ ಕಾಯ್ದೆಯಲ್ಲಿ 'ಮಗು' ಎಂದರೆ 6ರಿಂದ 14 ವರ್ಷದೊಳಗಿನವರು. ನಮ್ಮ ನಗರಗಳ ಖಾಸಗಿ ಶಾಲೆಗಳಲ್ಲಿ ಪ್ರವೇಶ ನಡೆಯುವುದು ನರ್ಸರಿ, ಎಲ್‌ಕೆಜಿ ಹಂತದಲ್ಲಿ; ಆಗ ಮಗುವಿಗೆ ಮೂರು ಅಥವಾ ನಾಲ್ಕು ವರ್ಷ. ಶೇ. 25ರ ಮೀಸಲು ಸೀಟುಗಳನ್ನು ಬಿಟ್ಟು ಉಳಿದ ನರ್ಸರಿ ಪ್ರವೇಶಗಳಿಗೆ ಕಾಯ್ದೆ ಅನ್ವಯಿಸದು ಎಂದು ದೆಹಲಿ ಹೈಕೋರ್ಟ್ 2013ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಒಂದನೇ ತರಗತಿಗೆ ಬರುವಷ್ಟರಲ್ಲಿ ಸೀಟುಗಳು ಎಲ್‌ಕೆಜಿಯಿಂದಲೇ ತುಂಬಿರುತ್ತವೆ. ಕಾನೂನಿನ ರಕ್ಷಣೆ ಆರಂಭವಾಗುವ ಹೊತ್ತಿಗೆ ಪರೀಕ್ಷೆ ಮುಗಿದುಹೋಗಿರುತ್ತದೆ. 'ಸಂದರ್ಶನ' ಎಂಬ ಹೆಸರನ್ನು 'ಸಂವಾದ' ಎಂದು ಬದಲಿಸಿಕೊಂಡ ಶಾಲೆಗಳೂ ಇವೆ. ಪ್ರಶ್ನೆಗಳು ಮಾತ್ರ ಅವೇ.

ಇನ್ನೊಂದು ಬಿರುಕು ಅಲ್ಪಸಂಖ್ಯಾತ ಸಂಸ್ಥೆಗಳದು. 2014ರ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಲ್ಪಸಂಖ್ಯಾತ ಶಾಲೆಗಳಿಗೆ ಆರ್‌ಟಿಇ ಅನ್ವಯಿಸುವುದಿಲ್ಲ ಎಂದಿತು. ಆ ತೀರ್ಪಿನ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಸಂಶಯ ವ್ಯಕ್ತಪಡಿಸಿ, ವಿಷಯವನ್ನು ವಿಸ್ತೃತ ಪೀಠದ ಪರಿಶೀಲನೆಗೆ ಕಳಿಸಬೇಕೆಂದು ಹೇಳಿದೆ. ಆದ್ದರಿಂದ ದೂರು ಕೊಡುವ ಮುನ್ನ ಶಾಲೆಗೆ ಅಲ್ಪಸಂಖ್ಯಾತ ಸ್ಥಾನಮಾನ ಇದೆಯೇ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಶುಲ್ಕ ಬಾಕಿ: ಮಗುವನ್ನು ಹೊರಗೆ ನಿಲ್ಲಿಸಬಹುದೇ?

ಶುಲ್ಕ ಎಷ್ಟಿರಬೇಕು ಎಂಬುದು ಒಂದು ಪ್ರಶ್ನೆ, ಅದನ್ನು ಹೇಗೆ ವಸೂಲು ಮಾಡಬೇಕು ಎಂಬುದು ಇನ್ನೊಂದು. ಮೊದಲ ಪ್ರಶ್ನೆಯಲ್ಲಿ ಇಂದು ಪೋಷಕರಿಗಿರುವ ಆಸರೆ ಕಡಿಮೆ. ಕರ್ನಾಟಕ ಶಿಕ್ಷಣ ಕಾಯ್ದೆಯ ಅಡಿಯಲ್ಲಿ ಜಿಲ್ಲಾ ಮಟ್ಟದ ಶಿಕ್ಷಣ ನಿಯಂತ್ರಣ ಪ್ರಾಧಿಕಾರ ಶುಲ್ಕದ ದೂರುಗಳನ್ನು ನೋಡಬೇಕಿತ್ತು. ಆದರೆ 2023ರ ಜನವರಿಯಲ್ಲಿ ರಾಜ್ಯ ಹೈಕೋರ್ಟ್, ಶುಲ್ಕ ನಿಯಂತ್ರಣಕ್ಕೆ ಸಂಬಂಧಿಸಿದ ವಿಧಿಗಳನ್ನು ಅನುದಾನರಹಿತ ಖಾಸಗಿ ಶಾಲೆಗಳ ಮಟ್ಟಿಗೆ ಅಸಾಂವಿಧಾನಿಕ ಎಂದು ಘೋಷಿಸಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ (ಅದೂ ಕರ್ನಾಟಕದ್ದೇ) 11 ನ್ಯಾಯಮೂರ್ತಿಗಳ ಪೀಠ ಖಾಸಗಿ ಸಂಸ್ಥೆಗಳ ಸ್ವಾಯತ್ತತೆಯನ್ನು ಎತ್ತಿಹಿಡಿದಿತ್ತು. ಲಾಭಕೋರತನ ಮತ್ತು ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂಬ ಷರತ್ತೂ ಅದರಲ್ಲೇ ಇತ್ತು. ಷರತ್ತನ್ನು ಜಾರಿ ಮಾಡುವ ಕೈ ಯಾವುದು ಎಂಬುದೇ ಈಗಿನ ತೊಡಕು.

ಎರಡನೇ ಪ್ರಶ್ನೆಗೆ ಉತ್ತರ ಹೆಚ್ಚು ಸ್ಪಷ್ಟ. ಕೋವಿಡ್ ಕಾಲದಲ್ಲಿ ರಾಜ್ಯ ಸರಕಾರ 2021ರ ಜನವರಿ 29ರಂದು ಬೋಧನಾ ಶುಲ್ಕದ ಶೇ. 70ರಷ್ಟನ್ನು ಮಾತ್ರ ಪಡೆಯಬೇಕೆಂದು ಆದೇಶಿಸಿತು. ಶಾಲೆಗಳು ಬೀದಿಗಿಳಿದವು, ಪೋಷಕರೂ ಇಳಿದರು. ಅದೇ ವರ್ಷ ಮೇ ತಿಂಗಳಲ್ಲಿ ಜೋಧ್‌ಪುರದ ಇಂಡಿಯನ್ ಸ್ಕೂಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇ. 15ರ ಕಡಿತ ಸೂಚಿಸಿತು. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದೇ ಪ್ರಮಾಣವನ್ನು ಇಲ್ಲಿಗೆ ಅನ್ವಯಿಸಿತು. ಜೋಧ್‌ಪುರ ತೀರ್ಪಿನಲ್ಲಿ ಹೆಚ್ಚು ಚರ್ಚೆಯಾಗದ ಒಂದು ಭಾಗವಿದೆ: ಶುಲ್ಕ ಬಾಕಿ ಇದೆ ಎಂಬ ಕಾರಣಕ್ಕೆ ವಿದ್ಯಾರ್ಥಿಯನ್ನು ಆನ್‌ಲೈನ್ ಅಥವಾ ನೇರ ತರಗತಿಯಿಂದ ಹೊರಗಿಡಕೂಡದು, ಫಲಿತಾಂಶ ತಡೆಹಿಡಿಯಕೂಡದು. ಅದು ಆ ಶೈಕ್ಷಣಿಕ ವರ್ಷದ ವಿಶೇಷ ಸನ್ನಿವೇಶದಲ್ಲಿ ನೀಡಿದ ನಿರ್ದೇಶನ ಎಂಬುದನ್ನು ಮರೆಯುವಂತಿಲ್ಲ.

ಶುಲ್ಕ ವಿವಾದ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ದೆಹಲಿಯ ದ್ವಾರಕಾ ಪ್ರದೇಶದ ಪ್ರತಿಷ್ಠಿತ ಶಾಲೆಯೊಂದು 2025ರಲ್ಲಿ ನಿದರ್ಶನ ಒದಗಿಸಿತು. ಹೆಚ್ಚಿಸಿದ ಶುಲ್ಕ ಕಟ್ಟದವರ ಮಕ್ಕಳನ್ನು ಒಳಬಿಡದಿರಲು ಗೇಟಿನಲ್ಲಿ ಬೌನ್ಸರ್‌ಗಳನ್ನು ನಿಲ್ಲಿಸಿದ ಕ್ರಮ ವಿದ್ಯಾಸಂಸ್ಥೆಗೆ ತಕ್ಕುದಲ್ಲ ಎಂದು ದೆಹಲಿ ಹೈಕೋರ್ಟ್ ಜೂನ್‌ನಲ್ಲಿ ಖಂಡಿಸಿತು. ನಮ್ಮಲ್ಲಿ ಬೌನ್ಸರ್ ಬೇಕಾಗುವುದಿಲ್ಲ. ತರಗತಿಯಲ್ಲಿ ಬಾಕಿದಾರರ ಹೆಸರು ಓದಿ ಎದ್ದು ನಿಲ್ಲಿಸಿದರೆ ಸಾಕು. ಸಂಜೆ ಮಗು ಅಳುತ್ತ ಮನೆಗೆ ಬರುತ್ತದೆ, ಮರುದಿನ ಅಪ್ಪ ಒಡವೆ ಅಡವಿಟ್ಟು ಬರುತ್ತಾನೆ. ಹೀಗೆ ಮಗುವನ್ನು ಅವಮಾನಿಸುವುದು ಆರ್‌ಟಿಇಯ 17ನೇ ಸೆಕ್ಷನ್ ನಿಷೇಧಿಸುವ ಮಾನಸಿಕ ಕಿರುಕುಳದ ವ್ಯಾಪ್ತಿಗೆ ಬರುತ್ತದೆ ಎಂದು ವಾದಿಸಲು ಅವಕಾಶವಿದೆ. ಪೋಷಕರನ್ನು ಅವಮಾನಿಸುವುದನ್ನು ನಿಷೇಧಿಸುವ ಸೆಕ್ಷನ್ ಮಾತ್ರ ಆ ಕಾಯ್ದೆಯಲ್ಲಿಲ್ಲ.

ಟಿ.ಸಿ. ಎಂಬ ಬ್ರಹ್ಮಾಸ್ತ್ರ

ವರ್ಗಾವಣೆ ಪ್ರಮಾಣಪತ್ರ ಎಂದರೆ ಯಾರಿಗೂ ತಕ್ಷಣ ಹೊಳೆಯದು, ಟಿ.ಸಿ. ಎಂದರೆ ಎಲ್ಲರಿಗೂ ಗೊತ್ತು. ಶಾಲೆಯ ಬತ್ತಳಿಕೆಯಲ್ಲಿರುವ ಅತ್ಯಂತ ಬಲವಾದ ಅಸ್ತ್ರ ಇದು, ಮತ್ತು ಇದನ್ನು ಎರಡೂ ಕಡೆಯಿಂದ ಪ್ರಯೋಗಿಸಬಹುದು. ಶಾಲೆ ಬಿಡಲು ಬಯಸುವವರಿಗೆ 'ಟಿ.ಸಿ. ಕೊಡುವುದಿಲ್ಲ' ಎನ್ನಬಹುದು. ಪ್ರಶ್ನೆ ಕೇಳುವವರಿಗೆ 'ಟಿ.ಸಿ. ತೆಗೆದುಕೊಂಡು ಹೋಗಿ' ಎನ್ನಬಹುದು.

ಎರಡನೆಯದನ್ನು ಮೊದಲು ನೋಡೋಣ. ಆರ್‌ಟಿಇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಅನುತ್ತೀರ್ಣರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ಬಗ್ಗೆ 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಾಗಲೂ ಹೊರಹಾಕುವುದರ ಮೇಲಿನ ನಿಷೇಧ ಹಾಗೆಯೇ ಉಳಿಯಿತು. ತಾಯಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶಾಲೆಯ ಬಸ್ಸಿನ ಬಗ್ಗೆ ದೂರಿದರು ಎಂಬ ಕಾರಣಕ್ಕೆ ನಾಲ್ಕನೇ ತರಗತಿಯ ಮಗುವಿನ ಟಿ.ಸಿ. ಬರೆದಿಡುವ ಅಧಿಕಾರ ಮುಖ್ಯೋಪಾಧ್ಯಾಯರಿಗಿಲ್ಲ. ಆದ್ದರಿಂದಲೇ ಇಂತಹ ಸಂದರ್ಭದಲ್ಲಿ ಶಾಲೆಗಳು ಪೋಷಕರಿಂದ 'ಸ್ವಇಚ್ಛೆಯಿಂದ ಬಿಡಿಸುತ್ತಿದ್ದೇವೆ' ಎಂಬ ಪತ್ರ ಬರೆಸಿಕೊಳ್ಳುವುದುಂಟು. ಆ ಪತ್ರಕ್ಕೆ ಸಹಿ ಬಿತ್ತೆಂದರೆ ಮುಂದಿನ ದೂರಿಗೆ ತಳಪಾಯವೇ ಕುಸಿದಂತೆ. ಸಹಿ ಹಾಕಬೇಡಿ ಎನ್ನುವುದು ಸುಲಭ. ಮಗುವನ್ನು ಅದೇ ತರಗತಿಗೆ ಮರುದಿನ ಕಳಿಸಬೇಕಾದ ತಾಯಿಗೆ ಅದು ಅಷ್ಟು ಸುಲಭವಲ್ಲ ಎಂಬುದೂ ನಿಜ.

ಇನ್ನು ಟಿ.ಸಿ. ತಡೆಹಿಡಿಯುವ ವಿಚಾರ. 5ನೇ ಸೆಕ್ಷನ್ ಹೇಳುವಂತೆ ಬೇರೆ ಶಾಲೆಗೆ ಸೇರಬಯಸುವ ಮಗುವಿಗೆ ಮುಖ್ಯೋಪಾಧ್ಯಾಯರು ಕೂಡಲೇ ಟಿ.ಸಿ. ಕೊಡಬೇಕು; ವಿಳಂಬ ಮಾಡಿದವರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ; ಟಿ.ಸಿ. ಬರುವುದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸಕೂಡದು. ಆದರೆ ಇಲ್ಲೂ ಒಂದು ಸೂಕ್ಷ್ಮವಿದೆ. ಈ ಸೆಕ್ಷನ್ ನೀಡುವ ವರ್ಗಾವಣೆಯ ಹಕ್ಕು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೇರುವವರಿಗೆ. ಒಂದು ಖಾಸಗಿ ಶಾಲೆಯಿಂದ ಇನ್ನೊಂದು ಅನುದಾನರಹಿತ ಖಾಸಗಿ ಶಾಲೆಗೆ ಹೋಗುವ ಮಗು ಈ ಹಕ್ಕನ್ನು ನೇರವಾಗಿ ಕೇಳಲಾಗದು. ನಗರಗಳಲ್ಲಿ ತಂಟೆ ಹೆಚ್ಚಾಗಿ ನಡೆಯುವುದು ಇಂಥ ವರ್ಗಾವಣೆಗಳಲ್ಲೇ.

ನೆರೆಯ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಈ ವಿಷಯದಲ್ಲಿ ಖಚಿತ ನಿಲುವು ತಳೆಯಿತು. ಟಿ.ಸಿ. ಎಂಬುದು ಬಾಕಿ ವಸೂಲಿಯ ಸಾಧನವಲ್ಲ. ಶುಲ್ಕ ಬಾಕಿ ಇದೆಯೆಂದು ಅದರಲ್ಲಿ ನಮೂದಿಸುವುದು ಮಗುವಿಗೆ ಕಳಂಕ ಹಚ್ಚಿದಂತೆ. ಬಾಕಿ ಇದ್ದರೆ ಪೋಷಕರ ವಿರುದ್ಧ ಕಾನೂನು ಮಾರ್ಗದಲ್ಲಿ ವಸೂಲು ಮಾಡಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ಆ ಆದೇಶ ಕರ್ನಾಟಕದ ಶಾಲೆಗಳನ್ನು ಬಂಧಿಸುವುದಿಲ್ಲವಾದರೂ ಇಲ್ಲಿನ ಅಧಿಕಾರಿಗಳ ಮುಂದೆ, ನ್ಯಾಯಾಲಯದ ಮುಂದೆ ಉಲ್ಲೇಖಿಸಲು ಅಡ್ಡಿಯಿಲ್ಲ.

ಹಿಂದೆ ಟಿ.ಸಿ. ಎಂದರೆ ಸೀಲು ಒತ್ತಿದ ಒಂದು ಹಾಳೆ. ಈಗ ರಾಜ್ಯದ ಪ್ರತಿ ವಿದ್ಯಾರ್ಥಿಯ ವಿವರ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿದೆ. ಹಳೆಯ ಶಾಲೆ ತನ್ನ ಲಾಗಿನ್‌ನಿಂದ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಗೆ ದಾಖಲಿಸಿಕೊಳ್ಳುವುದು ಕಷ್ಟ. ಕಾಗದ ಕೊಟ್ಟು ಕಂಪ್ಯೂಟರಿನಲ್ಲಿ ತಡೆಹಿಡಿದರೆ ಪೋಷಕರಿಗೆ ಗೊತ್ತಾಗುವುದೇ ಎಷ್ಟೋ ದಿನಗಳ ಮೇಲೆ. ಟಿ.ಸಿ. ಪಡೆಯುವಾಗ ಸ್ಯಾಟ್ಸ್‌ನಲ್ಲೂ ವರ್ಗಾವಣೆ ಆಗಿದೆಯೇ ಎಂದು ಅಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಹೆಸರಿನ ಕಾಗುಣಿತ, ಜನ್ಮದಿನಾಂಕ, ಜಾತಿಯ ಅಂಕಣಗಳನ್ನೂ ಓದಿ ನೋಡಬೇಕು. ಗುಮಾಸ್ತರ ಕೈತಪ್ಪಿನ ಒಂದಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹಬ್ಬುತ್ತದೆ. ತಿದ್ದಿಸಲು ಅದೇ ಗುಮಾಸ್ತರ ಮುಂದೆ ಮತ್ತೆ ನಿಲ್ಲಬೇಕಾಗುತ್ತದೆ.

ಸರಕಾರಿ ಶಾಲೆಯ ಕಥೆ ಬೇರೆ

ಖಾಸಗಿ ಶಾಲೆಯಲ್ಲಿ ದರ್ಪಕ್ಕೆ ಹಣ ಕಾರಣವಾದರೆ ಸರಕಾರಿ ಶಾಲೆಯಲ್ಲಿ ಅಂತಸ್ತು ಕಾರಣ. ಕೂಲಿ ಬಿಟ್ಟು ಬಂದ ತಾಯಿಯನ್ನು ಏಕವಚನದಲ್ಲಿ ಮಾತನಾಡಿಸುವುದು, 'ನಿಮ್ಮಂಥವರ ಮಕ್ಕಳು ಇಷ್ಟೇ' ಎನ್ನುವುದು, ವಿದ್ಯಾರ್ಥಿವೇತನದ ಅರ್ಜಿಗೆ ಸಹಿ ಹಾಕಲು ನಾಲ್ಕು ದಿನ ಅಲೆಸುವುದು ಇಲ್ಲಿನ ದೂರುಗಳು. ಹಾಗಿದ್ದರೂ ಕಾನೂನಿನ ದೃಷ್ಟಿಯಲ್ಲಿ ಪೋಷಕರಿಗೆ ಹೆಚ್ಚು ಅಧಿಕಾರ ಇರುವುದು ಸರಕಾರಿ ಶಾಲೆಯಲ್ಲೇ ಎಂಬುದು ಸ್ವಾರಸ್ಯಕರ. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ರಚನೆಯಾದವು. ಆರ್‌ಟಿಇ ಕೂಡ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಅನುದಾನರಹಿತ ಶಾಲೆಗಳಿಗೆ ಈ ಕಡ್ಡಾಯವಿಲ್ಲ.

ಹಣದ ಕೋರಿಕೆಯಿಂದ ಸರಕಾರಿ ಶಾಲೆಯೂ ಪೂರ್ತಿ ಹೊರತಲ್ಲ. ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ನೀಡುವ ಸುತ್ತೋಲೆ 2022ರ ಅಕ್ಟೋಬರ್‌ನಲ್ಲಿ ಹೊರಬಿದ್ದಿತ್ತು. ಸ್ವಇಚ್ಛೆಯ ದೇಣಿಗೆ ಎಂದು ಹೇಳಲಾಗಿತ್ತು. ಮುಖ್ಯೋಪಾಧ್ಯಾಯರು ಎದುರು ಕೂತು ಕೇಳಿದಾಗ ಸ್ವಇಚ್ಛೆ ಎಷ್ಟು ಉಳಿದೀತು ಎಂಬ ಟೀಕೆ ಎದ್ದಿತು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು.

ಆರ್‌ಟಿಇ ಸೀಟಿನಡಿ ಖಾಸಗಿ ಶಾಲೆಗೆ ಮಕ್ಕಳನ್ನು ಸೇರಿಸಿದವರು ಎರಡೂ ಬಗೆಯ ಅವಮಾನ ಉಂಡರು. 2012ರಲ್ಲಿ ಸುಪ್ರೀಂ ಕೋರ್ಟ್ ಶೇ. 25ರ ಮೀಸಲನ್ನು ಎತ್ತಿಹಿಡಿದ ನಂತರ ಅದೇ ವರ್ಷ ಬೆಂಗಳೂರಿನ ಶಾಲೆಯೊಂದರಲ್ಲಿ ಈ ಮಕ್ಕಳನ್ನು ಗುರುತಿಸಲು ಕೂದಲು ಕತ್ತರಿಸಲಾಯಿತೆಂಬ ಆರೋಪ ರಾಜ್ಯದಲ್ಲಿ ಕೋಲಾಹಲ ಎಬ್ಬಿಸಿತು. 2019ರಲ್ಲಿ ರಾಜ್ಯ ಸರಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದಿತು. ಆ ವರ್ಷ ಮೇ 31ರಂದು ಹೈಕೋರ್ಟ್ ತಿದ್ದುಪಡಿಯನ್ನು ಒಪ್ಪಿತು. ಅಲ್ಲಿಂದೀಚೆಗೆ ಈ ಸೀಟುಗಳ ಸಂಖ್ಯೆ ತೀರ ಇಳಿದಿದೆ.

ಶಿಕ್ಷಕರ ಪಾಡು

ಶಿಕ್ಷಕರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ಸರಿಯಾಗದು. ಕಡಿಮೆ ಸಂಬಳಕ್ಕೆ ದುಡಿಯುವ ಖಾಸಗಿ ಶಾಲಾ ಶಿಕ್ಷಕಿಗೆ ಬಾಕಿದಾರರ ಪಟ್ಟಿ ಓದಿ ಎಂದು ಆಜ್ಞೆ ಬರುವುದು ಮೇಲಿನಿಂದ. ಓದದಿದ್ದರೆ ಅವರ ಕೆಲಸಕ್ಕೇ ಕುತ್ತು. ಮಗನ ಅಂಕ ಕಡಿಮೆಯಾಯಿತೆಂದು ಶಿಕ್ಷಕರ ಮೇಲೆ ಕೈ ಮಾಡುವ ಪೋಷಕರೂ ಇದ್ದಾರೆ. ಆದರೆ ಪೋಷಕರ ಸಭೆಯನ್ನು ವಿಚಾರಣೆಯ ಕೊಠಡಿಯನ್ನಾಗಿ ಮಾಡುವವರು ಒಂದು ವಿಷಯ ನೆನಪಿಡಬೇಕು. ನಿಯತವಾಗಿ ಪೋಷಕರನ್ನು ಕಂಡು ಮಗುವಿನ ಹಾಜರಿ, ಕಲಿಕೆ, ಪ್ರಗತಿಯ ವಿವರ ನೀಡುವುದು ಆರ್‌ಟಿಇಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ. ಉತ್ತರ ಹೇಳಬೇಕಾದವರು ಅಲ್ಲಿ ಮೇಜಿನ ಒಳಬದಿಯಲ್ಲಿ ಕುಳಿತವರು.

ದೂರು ಎಲ್ಲಿಗೆ?

ಮೊದಲ ಮೆಟ್ಟಿಲು ಶಾಲೆಯ ಮುಖ್ಯಸ್ಥರು, ನಂತರ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಅವರ ಮೇಲೆ ಜಿಲ್ಲಾ ಉಪನಿರ್ದೇಶಕರು (ಡಿಡಿಪಿಐ). ಸಿಬಿಎಸ್‌ಇ ಅಥವಾ ಐಸಿಎಸ್‌ಇ ಶಾಲೆಯಾದರೂ ಮಾನ್ಯತೆ, ನಿರಾಕ್ಷೇಪಣೆ ವಿಚಾರದಲ್ಲಿ ರಾಜ್ಯ ಇಲಾಖೆಗೆ ಪಾತ್ರವಿದೆ. ಆದ್ದರಿಂದ 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಮಾತನ್ನು ಕೇಳಿ ಹಿಂದಿರುಗಬೇಕಿಲ್ಲ. ಆರ್‌ಟಿಇಯ 32ನೇ ಸೆಕ್ಷನ್ ಅಡಿಯಲ್ಲಿ ಮಗುವಿನ ಹಕ್ಕಿಗೆ ಸಂಬಂಧಿಸಿದ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಸಮಾಧಾನವಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮಗುವಿಗೆ ಕಿರುಕುಳ ನಡೆದಿದ್ದರೆ 1098 ಸಹಾಯವಾಣಿ ಇದೆ.

ಗ್ರಾಹಕರ ವೇದಿಕೆಗೆ ಹೋಗುವ ಯೋಚನೆ ಅನೇಕರಿಗೆ ಬರುತ್ತದೆ. ಶಿಕ್ಷಣ ಸಂಸ್ಥೆ ನೀಡುವುದು ಗ್ರಾಹಕ ಕಾಯ್ದೆಯ ಅರ್ಥದಲ್ಲಿ 'ಸೇವೆ' ಅಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮಹರ್ಷಿ ದಯಾನಂದ ವಿಶ್ವವಿದ್ಯಾಲಯ ಪ್ರಕರಣವೂ ಸೇರಿ ಹಲವೆಡೆ ಹೇಳಿರುವುದರಿಂದ ಅಲ್ಲಿ ಫಲ ಸಿಗುವುದು ಅಪರೂಪ. ಮಾಹಿತಿ ಹಕ್ಕು ಕಾಯ್ದೆಯ ದಾರಿ ಇದಕ್ಕಿಂತ ಉತ್ತಮ. ಖಾಸಗಿ ಶಾಲೆಗೆ ನೇರವಾಗಿ ಅರ್ಜಿ ಹಾಕಲು ಬಾರದಿದ್ದರೂ, ಇಲಾಖೆ ಕಾನೂನಿನ ಮೂಲಕ ಆ ಶಾಲೆಯಿಂದ ಪಡೆಯಬಹುದಾದ ಮಾಹಿತಿಯನ್ನು ಇಲಾಖೆಯ ಮುಖಾಂತರ ಕೇಳಬಹುದು. ಮಾನ್ಯತೆ ನವೀಕರಣದ ಕಡತ, ಶಾಲೆ ಸಲ್ಲಿಸಿದ ಶುಲ್ಕದ ವಿವರ ಈ ಬಗೆಯವು.

ಅನುಭವಿಗಳು ಕೊಡುವ ಸಲಹೆ ಒಂದೇ: ಬಾಯಿಮಾತಿನ ಜಗಳ ಬೇಡ, ಎಲ್ಲವೂ ಕಾಗದದಲ್ಲಿರಲಿ. ಟಿ.ಸಿ. ಕೋರಿಕೆಯನ್ನು ದಿನಾಂಕ ಸಹಿತ ಬರೆದು ಎರಡು ಪ್ರತಿ ಒಯ್ಯಬೇಕು. ಒಂದರ ಮೇಲೆ ಶಾಲೆಯ ಸೀಲು, ಸಹಿ ಪಡೆಯಬೇಕು. ಪಡೆಯಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಸ್ವೀಕೃತಿ ಸಹಿತ ಕಳಿಸಿ, ಅದರ ಪ್ರತಿಯನ್ನು ಬಿಇಒ ಕಚೇರಿಯ ಟಪಾಲು ವಿಭಾಗದಲ್ಲಿ ಕೊಡಬೇಕು. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಬೇಕು. ಬಿಳಿ ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟರೆ ಆ ಚೀಟಿಯನ್ನೂ ಎಸೆಯಬಾರದು. ಒಬ್ಬರೇ ಹೋಗುವುದಕ್ಕಿಂತ ಅದೇ ತರಗತಿಯ ಹತ್ತು ಮಂದಿ ಪೋಷಕರು ಒಂದೇ ಅರ್ಜಿಗೆ ಸಹಿ ಹಾಕಿದರೆ ಯಾವ ಮಗುವನ್ನು ಗುರಿ ಮಾಡಬೇಕೆಂದು ಶಾಲೆಗೂ ತಿಳಿಯುವುದಿಲ್ಲ.